ಇನ್ನೂ ಮೇಡಂ ಮತ್ತು ಚೀಟಿಯಿಲ್ಲದ ಕನ್ನಡಿ

ಕನ್ನಡಿ ಅಂಗಡಿಯ ಹೊಸಿಲು ದಾಟಿದ ಮನುಷ್ಯಪ್ರಾಣಿ ತನ್ನ ಮುಖವನ್ನು ಒಮ್ಮೆಯಾದರೂ ನೋಡಿಕೊಳ್ಳದೆ ಹೊರಗೆ ಹೋಗುವುದಿಲ್ಲ ಎಂಬುದನ್ನು ಇಪ್ಪತ್ತೆರಡು ವರ್ಷ ಗಾಜು ಕತ್ತರಿಸಿ ಬದುಕಿದ ಯಜಮಾನ ಸೂರ್ಯೋದಯದಷ್ಟೇ ಖಚಿತವಾದ ನಿಯಮವೆಂದು ನಂಬಿದ್ದ. ವಕೀಲರು ಕತ್ತುಪಟ್ಟಿ ಸರಿಮಾಡಿಕೊಳ್ಳುತ್ತಿದ್ದರು. ಮದುವೆಯ ವಯಸ್ಸಿನವರು ಅಳತೆ ಕೇಳುವ ನೆಪದಲ್ಲಿ ಮೂರು ಕನ್ನಡಿಗಳ ಮುಂದೆ ಹಾದುಹೋಗುತ್ತಿದ್ದರು. ‘ನಮಗೆ ಈ ಶೋಕಿಯೆಲ್ಲ ಇಲ್ಲಪ್ಪ’ ಎನ್ನುವವರು ಹಾಗೆನ್ನುತ್ತಲೇ ಮೂಗು ಮೇಲೆತ್ತಿ ಒಳಗಿನ ಕೂದಲು ಪರೀಕ್ಷಿಸುತ್ತಿದ್ದರು. ಗೋಡೆಗೊರಗಿಸಿದ ನಲವತ್ತು ಕನ್ನಡಿಗಳ ಎದುರು ವೈರಾಗ್ಯ ನಿಲ್ಲುವುದಾದರೂ ಹೇಗೆ? ಆ ನಿಯಮ ಒಬ್ಬರ ವಿಷಯದಲ್ಲಿ ಮಾತ್ರ ಸುಳ್ಳಾಯಿತು. ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಆಕೆ ಹೊಸಿಲ ಒಳಗೆ ಬಂದು, ಬೀದಿಗೆ ಬೆನ್ನು ಹಾಕಿ ನಿಂತು, ಯಾವುದೋ ಒಂದು ದೊಡ್ಡ ಕನ್ನಡಿಯಲ್ಲಿ ತಮ್ಮ ಹೆಗಲ ಮೇಲಿಂದ ಹಿಂದಿನ ಬೀದಿಯನ್ನು ನೋಡುತ್ತಿದ್ದರು. ಶಾಲೆ ಬಿಟ್ಟ ಮಕ್ಕಳು ಕನ್ನಡಿಯ ಒಂದು ಅಂಚಿನಲ್ಲಿ ಹುಟ್ಟಿ ಇನ್ನೊಂದು ಅಂಚಿನಲ್ಲಿ ಮಾಯವಾಗುವವರೆಗೂ ಆ ಕಣ್ಣು ಅಲುಗುತ್ತಿರಲಿಲ್ಲ. ಕಣ್ಣಿನ ದಾರಿಗೆ ಅಡ್ಡವಾಗಿ ಅಲ್ಲೇ ನಿಂತಿದ್ದ ತಮ್ಮದೇ ಮುಖವನ್ನು ಆಕೆ, ಪರಿಚಯವಿಲ್ಲದವರ ಮುಖವನ್ನು ದಾಟಿ ನೋಡುವಂತೆ, ದಾಟಿ ನೋಡುತ್ತಿದ್ದರು.

ಕುಳ್ಳಗಿನ ಮೈಕಟ್ಟು. ಹಿಂದಿನಿಂದ ನೋಡಿದರೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅಮ್ಮನ ಬಟ್ಟೆ ಹಾಕಿಕೊಂಡು ಹೊರಟಿದ್ದಾಳೆ ಅನ್ನಿಸಬೇಕು. ಎಲ್ಲ ಕಾಲಕ್ಕೂ ಒಂದೇ ಆದ ಬೂದುಬಣ್ಣದ ಉದ್ದ ಕೋಟು, ಅದರ ಜೇಬಿನ ಬಾಯಿಗಳು ಕೈ ಹೋಗಿ ಬಂದು ಹೊಳಪು ಹತ್ತಿದ್ದವು. ರಬ್ಬರ್ ತಳದ ಪಾದರಕ್ಷೆ, ನಡೆದರೆ ಸದ್ದಿಲ್ಲ. ಆದರೆ ಬೀದಿಯವರನ್ನು ಹೆದರಿಸಿದ್ದು ಸದ್ದಿಲ್ಲದ ನಡಿಗೆಯಲ್ಲ, ಆ ನಡಿಗೆಯ ರೀತಿ. ಎಡಗೈ ಮೈಯಿಂದ ತುಸು ದೂರ, ಬೆರಳುಗಳು ಅರ್ಧ ಮಡಿಸಿ, ಒಂದಿಷ್ಟು ಕೆಳಗೆ ಬಾಗಿ ಇರುತ್ತಿತ್ತು. ಹೆಜ್ಜೆಯೂ ಗಿಡ್ಡ. ಪುಟ್ಟ ಮಗುವೊಂದರ ಕೈ ಹಿಡಿದು, ಅದರ ಕಾಲಿಗೆ ತಕ್ಕಂತೆ ತಮ್ಮ ಕಾಲನ್ನು ತಡೆದು ನಡೆಯುವವರ ಹಾಗೆ. ಕೈಯಲ್ಲಿ ಮಗುವೇನೂ ಇರುತ್ತಿರಲಿಲ್ಲ. ಆದರೂ ಎದುರು ಬಂದವರು ಗೊತ್ತಿಲ್ಲದೆಯೇ ಆ ಎಡಬದಿಗೆ ಜಾಗ ಬಿಟ್ಟು ಸರಿಯುತ್ತಿದ್ದರು. ಆಮೇಲೆ ಯಾರಿಗೆ ಜಾಗ ಬಿಟ್ಟೆವೆಂದು ತಿರುಗಿ ನೋಡುತ್ತಿದ್ದರು.

ಪುರಸಭೆಯ ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ಅವರಿಗೊಂದು ಕೋಣೆ ಕೊಟ್ಟಿದ್ದರು. ಬಾಗಿಲ ಮೇಲೆ ‘ಸಮುದಾಯ ಮನೋವಿಜ್ಞಾನಿ, ಕಿರಿಯರ ವಿಭಾಗ’ ಎಂಬ ಹಲಗೆ. ಹಲಗೆ ಓದಿದವರಲ್ಲಿ ಅರ್ಧ ಜನ ಅದೇನೋ ಸಮುದಾಯ ಭವನದ ಕಚೇರಿ ಎಂದುಕೊಂಡು, ಮದುವೆಗೆ ಹಾಲ್ ಸಿಗುತ್ತದೆಯೇ ಎಂದು ಕೇಳಿ ಬಂದಿದ್ದರು. ಬೀದಿಯವರು ಆ ಉದ್ದನೆಯ ಬಿರುದನ್ನು ಬದಿಗಿಟ್ಟು ‘ಇನ್ನೂ ಮೇಡಂ’ ಎಂದು ಕರೆದರು. ಯಾವ ಮನೆಯ ಬಾಗಿಲಲ್ಲಿ ನಿಂತರೂ ಅವರ ಮೊದಲ ಮಾತು ಒಂದೇ:

“ಇನ್ನೂ ಏನೂ ಆಗಿಲ್ಲ ತಾನೆ?”

ನೆಮ್ಮದಿಯಾಗಿ ತರಕಾರಿ ಹೆಚ್ಚುತ್ತಿದ್ದ ಗೃಹಿಣಿಗೆ ಈ ಪ್ರಶ್ನೆ ಹೇಗೆ ಕೇಳಿಸೀತು! ಆಗಬೇಕಾದದ್ದೊಂದು ದಾರಿಯಲ್ಲಿದೆ, ಈಕೆ ಎರಡು ಹೆಜ್ಜೆ ಮುಂಚಿತವಾಗಿ ಬಂದಿದ್ದಾಳೆ ಎಂದೇ. ಕನ್ನಡಿ ಅಂಗಡಿಯ ಪಕ್ಕದ ಕ್ಷೌರಿಕ ಈ ವಿಷಯದಲ್ಲಿ ಬೀದಿಯ ವಕ್ತಾರನಾಗಿದ್ದ.

“ಯಜಮಾನ್ರೇ, ಆ ಯಮ್ಮ ನಿಮ್ ಅಂಗಡಿಗೆ ಬಂದು ಹೋದ್ಮೇಲೆ ಒಂದ್ ಸಲ ಕನ್ನಡಿಗಳನ್ನ ಎಣಿಸ್ಕೊಳಿ. ಒಳಗೆ ಎಷ್ಟ್ ಜನ ಉಳ್ಕೊಂಡಿದಾರೋ ಯಾರಿಗ್ಗೊತ್ತು.”

“ನಿನ್ ಅಂಗಡಿಗೂ ಬರ್ತಾರಲ್ಲಯ್ಯ?”

“ಬರ್ತಾರೆ. ಕೂದಲು ಉದುರೋ ಹುಡುಗರು ಜಾಸ್ತಿ ಆಗಿದಾರಾ, ಕಿವಿ ಮುಚ್ಚೋ ಹಾಗೆ ಬಿಡಿ ಅಂತ ಯಾರಾದ್ರೂ ಕೇಳಿದ್ರಾ ಅಂತಾರೆ. ನಾನು ಕತ್ತರಿ ಕೆಳಗಿಟ್ಟು ಉತ್ತರ ಹೇಳ್ತೀನಪ್ಪ. ಗಿರಾಕಿ ಕಿವಿ ಉಳೀಬೇಕಲ್ಲ.”

ಅವರ ಕೆಲಸದ ರೀತಿಯೇ ಅದು. ತೊಂದರೆಗೆ ಸಿಕ್ಕ ಮಕ್ಕಳನ್ನು ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ, ತೊಂದರೆ ಕೊಟ್ಟ ಮಕ್ಕಳನ್ನು ಪೊಲೀಸರು ನೋಡಿಕೊಳ್ಳುತ್ತಾರೆ. ಇವರಿಗೆ ಬೇಕಾದದ್ದು ಇವೆರಡೂ ಆಗುವ ಮುಂಚಿನ ಮಕ್ಕಳು. ಅಂಥವರನ್ನು ಹುಡುಕಲು ತಾಯಿತಂದೆಯರನ್ನು ಕೇಳಿ ಉಪಯೋಗವಿಲ್ಲ, ಅವರು ‘ನಮ್ಮ ಮಗು ಚಿನ್ನ’ ಎನ್ನುತ್ತಾರೆ. ಅದಕ್ಕೇ ಕ್ಷೌರಿಕ, ದರ್ಜಿ, ಶಾಲಾವಾಹನದ ಚಾಲಕ, ಚಪ್ಪಲಿ ಹೊಲಿಯುವವನು, ಗಾಜಿನವನು. ಗಾಜಿನಂಗಡಿಯಲ್ಲಿ ಒಂದು ಪದ್ಧತಿಯಿದೆ. ಯಾವ ಮನೆಗೆ ಗಾಜು ಹಾಕಬೇಕಾದರೂ ಮೊದಲು ಟೇಪು ಹಿಡಿದು ಹೋಗಿ, ಯಾವ ಕೋಣೆ, ಕಿಟಕಿಯೋ ಕನ್ನಡಿಯೋ, ಅಗಲ ಎತ್ತರ ಎಷ್ಟೆಂದು ಒಂದು ಚೀಟಿಯಲ್ಲಿ ಬರೆದು ತಂದು, ಮೇಜಿನ ಮೇಲೆ ನೆಟ್ಟಗೆ ನಿಂತ ತಂತಿಗೆ ಚುಚ್ಚಬೇಕು. ಗುರುವಾರ ಗುರುವಾರ ಇನ್ನೂ ಮೇಡಂ ಆ ತಂತಿಯ ಚೀಟಿಗಳನ್ನು ಒಂದೊಂದಾಗಿ ಮೇಲೆ ಸರಿಸಿ ಓದುತ್ತಿದ್ದರು. ಯಾರು ಒಡೆದರೆಂದು ಕೇಳುತ್ತಿರಲಿಲ್ಲ. “ಈ ಬಚ್ಚಲಮನೆ ಗಾಜು ಒಳಗಿಂದ ಒಡೆದಿದ್ದೋ ಹೊರಗಿಂದಲೋ?” ಎಂಬಂಥ ಪ್ರಶ್ನೆಗಳು. ಇಪ್ಪತ್ತೆರಡು ವರ್ಷದಲ್ಲಿ ಯಾವ ಗಿರಾಕಿಯೂ ಕೇಳದ ಆ ಪ್ರಶ್ನೆಗಳಿಗೆ ತನ್ನಲ್ಲಿ ಉತ್ತರವಿದೆ ಎಂಬುದು ಯಜಮಾನನಿಗೆ ಆಗಲೇ ಗೊತ್ತಾದದ್ದು.

ಇದರಿಂದ ಅವನಿಗೆ ನಷ್ಟವೂ ಆಯಿತೆನ್ನಿ. ಹುಡುಗರ ವಸತಿನಿಲಯದ ಕಿಟಕಿಗಳು ವರ್ಷಾನುಗಟ್ಟಲೆ ನಂಬಿಕಸ್ಥ ಗಿರಾಕಿಗಳಾಗಿದ್ದವು. ವಾರಕ್ಕೆರಡು ಗಾಜಾದರೂ ಬೀಳಲೇಬೇಕು. ಈಕೆ ಚೀಟಿಗಳನ್ನು ಓದಿ, ವಸತಿನಿಲಯದಲ್ಲಿ ವಿಚಾರಿಸಿ, ಎಲ್ಲ ಗಾಜೂ ಸಂಜೆ ಐದರಿಂದ ಆರರೊಳಗೆ, ಮೈದಾನದ ಕಡೆಯ ಗೋಡೆಯಲ್ಲೇ ಒಡೆದಿವೆ ಎಂದು ಕಂಡುಹಿಡಿದು, ಆ ಹೊತ್ತಿಗೆ ಬೀಗ ಬೀಳುತ್ತಿದ್ದ ಮೈದಾನದ ಗೇಟನ್ನು ತೆರೆಸಿದರು, ಅಷ್ಟೆ. ಗಾಜು ಒಡೆಯುವುದು ನಿಂತೇ ಹೋಯಿತು.

“ಮೇಡಂ, ನೀವು ನನ್ ಹೊಟ್ಟೆ ಮೇಲೇ ಹೊಡೀತಿದೀರಿ.”

“ಕಲ್ಲು ಬೀಳೋದು ನಿಂತಿದ್ದಕ್ಕೆ ದುಃಖ ಪಡೋ ಮನುಷ್ಯ ಊರಲ್ಲಿ ನೀವೊಬ್ರೇ ಯಜಮಾನ್ರೇ.”

ಆ ಮಾತಿಗೆ ಆಕೆ ನಗಲಿಲ್ಲ. ಆಕೆಯ ನಗುವನ್ನು ಯಜಮಾನ ಕಂಡದ್ದು ಒಂದೇ ಸಲ. ಯಾವುದೋ ಮನೆಯಾತ ಅಂಗಡಿಯಲ್ಲಿ ನಿಂತು, “ಮೂರು ತಿಂಗ್ಳು ನನ್ ಮಗನ ಹಿಂದೆ ಬಿದ್ರು ಈಯಮ್ಮ. ಏನಾಯ್ತು? ಏನೂ ಆಗ್ಲಿಲ್ಲ! ಸುಮ್ನೆ ಕಾಲಹರಣ” ಎಂದು ದೂರುತ್ತಿದ್ದ. ಆ ಕ್ಷಣ ಕನ್ನಡಿಯೊಂದರ ಮೂಲೆಯಲ್ಲಿ ಬೂದು ಕೋಟಿನ ಮೇಲೆ ಒಂದು ಮುಗುಳ್ನಗೆ ಮೂಡಿ ಆರಿದ್ದನ್ನು ಅವನು ನೋಡಿದ. ಬಹುಮಾನ ಪಡೆದವರ ನಗು ಅದು. ಆದರೆ ಮೈ ಜುಮ್ಮೆಂದದ್ದು ಅದರ ನಂತರ. ಆ ಮಗ, ಹತ್ತೊಂಬತ್ತು ವರ್ಷದ ಗಟ್ಟಿಮುಟ್ಟು ಹುಡುಗ, ಸೈಕಲ್ ನಿಲ್ಲಿಸಿ ಅಪ್ಪನನ್ನು ಕರೆಯಲು ಬಂದಾಗ, ಇನ್ನೂ ಮೇಡಂ ಮೊದಲು ನೋಡಿದ್ದು ಅವನ ಮುಖವನ್ನಲ್ಲ, ನೆಲವನ್ನು. ಅವನ ನೆರಳು ಬಿದ್ದಿದೆಯೇ ಎಂದು ಖಾತ್ರಿ ಮಾಡಿಕೊಂಡವರ ಹಾಗೆ. ಬಿದ್ದಿತ್ತು. ಉದ್ದವಾಗಿ, ಹೊಸಿಲಿನಿಂದ ಒಳಗಿನವರೆಗೆ. ಆಗ ತಲೆಯೆತ್ತಿ, “ಚೆನ್ನಾಗಿದೀಯೇನಪ್ಪ?” ಎಂದರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ತಂತಿಯಲ್ಲಿ ವಿಚಿತ್ರವಾದ ಚೀಟಿಗಳು ಸೇರತೊಡಗಿದವು. ಒಂದು ಮನೆಯವರು ಬೀರುವಿನ ಬಾಗಿಲ ಕನ್ನಡಿ ತೆಗೆಸಿ ಮಬ್ಬುಗಾಜು ಹಾಕಿಸಿದರು. ಇನ್ನೊಂದು ಮನೆಯವರು ಬಚ್ಚಲಿನ ಕನ್ನಡಿ ಒಡೆದಿದೆ, ಬೇರೆ ಹಾಕುವುದು ಬೇಡ, ಮೊಳೆ ಕಿತ್ತು ಗೋಡೆ ಸರಿಮಾಡಿ ಸಾಕು ಎಂದರು. ಮತ್ತೊಂದು, ಮಗದೊಂದು. ಎರಡು ತಿಂಗಳಲ್ಲಿ ಏಳು. ಅಂಥ ಚೀಟಿ ಬಂದ ಗುರುವಾರವೆಲ್ಲ ಮೇಡಂ ಬೀದಿಯ ಕಡೆ ನೋಡುವುದನ್ನೂ ಬಿಟ್ಟು ಮೇಜಿನ ಬಳಿಯೇ ನಿಲ್ಲುತ್ತಿದ್ದರು. ಏಳನೆಯದು ಬಂದ ದಿನ ಜೇಬಿನಿಂದ ಕಾಗದವೊಂದನ್ನು ತೆಗೆದು ಹರಡಿದರು. ಬೀದಿಗಳ ನಕ್ಷೆ, ಅದರ ಮೇಲೆ ಪೆನ್ಸಿಲಿನ ಗೆರೆ.

“ಏಳು ಮನೆಯಲ್ಲೂ ಒಂಬತ್ತನೇ ಕ್ಲಾಸಿನ ಹುಡುಗೀರು. ಒಂದೇ ಶಾಲಾವಾಹನ. ಅದು ನಿಲ್ಲೋ ಜಾಗ ಎಂಟು. ಏಳು ಕಡೆ ಒಂದೊಂದು ಚೀಟಿ ಇದೆ. ಎಂಟನೇ ಕಡೆ ಏನೂ ಇಲ್ಲ.”

“ಎಂಟನೇದು ನಮ್ಮನೆ ಮುಂದೆ ನಿಲ್ಲೋದು ಮೇಡಂ. ನನ್ ಮಗಳೂ ಅದರಲ್ಲೇ ಹೋಗ್ತಾಳೆ” ಎಂದ ಯಜಮಾನ. ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ಹೇಳದಿದ್ದರೆ ತಪ್ಪಾಗುತ್ತದೆ. “ನಮ್ ಕಡೆ ಮಕ್ಕಳು ಒಂಚೂರು ಶಿಸ್ತು.”

ಮೇಡಂ ನಕ್ಷೆಯನ್ನು ಮಡಿಸಿದರು. “ಏನೂ ಇಲ್ದೇ ಇರೋದೇ ನನಗೆ ಹೆದರಿಕೆ.”

ಹೋಗಬೇಕಾದವರು ಹೋಗಲಿಲ್ಲ. ಹಿಂದಿನ ಉಗ್ರಾಣದ ಕಡೆ ನಡೆದರು, ಎಡಗೈ ಮುಂದೆ, ಅದೇ ಗಿಡ್ಡ ಹೆಜ್ಜೆ. ಕತ್ತರಿಸಿ ಉಳಿದ ತುಂಡುಗಳು, ಮರದ ಕಟ್ಟುಗಳು, ದೂಳು. ಗೋಡೆಗೊರಗಿ ಒಂದೇ ಅಳತೆಯ ಮೂರು ಕನ್ನಡಿಗಳು ನಿಂತಿದ್ದವು. ಮೂರಕ್ಕೂ ನಡುವಿಗಿಂತ ತುಸು ಮೇಲೆ, ಅಂಗೈ ಅಗಲದ ಮೊಟ್ಟೆಯಾಕಾರದ ಜಾಗದಲ್ಲಿ, ಬಿಂಬ ಮೂಡಿಸಲು ಹಿಂಬದಿಗೆ ಬಳಿದ ರಸ ಹೋಗಿ ಬರಿಯ ಗಾಜು ಉಳಿದಿತ್ತು.

“ಇವು ಯಾರ ಮನೇವು?”

“ನಮ್ದೇ. ಮಗಳ ಕೋಣೇದು. ಗೋಡೆ ತೇವ ನೋಡಿ, ರಸ ತಿಂದ್ಹಾಕ್ಬಿಡುತ್ತೆ. ಮೂರು ಸಲ ಬದಲಾಯಿಸ್ದೆ. ಈ ಸಲದ ಮಾಲೂ ಸರಿ ಇಲ್ಲ ಅನ್ಸುತ್ತೆ.”

“ಚೀಟಿ?”

“ಸ್ವಂತ ಮನೆಗೆ ಚೀಟಿ ಯಾಕೆ ಮೇಡಂ?”

ಗಿರಾಕಿಗಾಗಿದ್ದರೆ ಟೇಪು ಹಿಡಿದು ಹೋಗುತ್ತಿದ್ದ, ಚೀಟಿ ಬರೆಯುತ್ತಿದ್ದ, ಕನ್ನಡಿಯ ಹಿಂದೆ ಹಲಗೆ ಬಡಿದು ಕೊಡುತ್ತಿದ್ದ. ಮನೆಗೆ ತಾನೇ ಎಂದು ಹಲಗೆಯಿಲ್ಲದ ಕನ್ನಡಿಯನ್ನು ಎರಡು ಕೊಕ್ಕೆಗೆ ತೂಗುಹಾಕಿದ್ದ. ಹಾಳಾದಾಗ ಇನ್ನೊಂದನ್ನು ಬಗಲಿಗೆ ಸಿಕ್ಕಿಸಿಕೊಂಡು ಹೋಗಿ ನೇತುಹಾಕಿ ಬಂದಿದ್ದ. ಊರಿಗೆಲ್ಲ ಕನ್ನಡಿ ಹಿಡಿದವನ ಮನೆ ತಂತಿಯ ಮೇಲೆ ಇರಲೇ ಇಲ್ಲ.

“ಮನೇಲಿ ಎಷ್ಟೆತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಇಲ್ಲಿ ತೂಗಾಕಿ” ಎಂದರು ಮೇಡಂ.

ಉಗ್ರಾಣದ ಗೋಡೆಯ ಮೊಳೆಗಳಿಗೆ ಅವನು ತೂಗುಹಾಕಿದ. ಆಗ ನಡೆದದ್ದನ್ನು ಅವನು ಮುಂದೆ ಯಾರಿಗೂ ಸರಿಯಾಗಿ ವರ್ಣಿಸಲಾರದೆ ಹೋದ. ನಲವತ್ತು ಕನ್ನಡಿಗಳ ಮುಂದೆ ಒಮ್ಮೆಯೂ ತಮ್ಮನ್ನು ನೋಡಿಕೊಳ್ಳದಿದ್ದ ಆ ಹೆಂಗಸು, ಹಾಳಾದ ಆ ಕನ್ನಡಿಯ ಮುಂದೆ ಬಂದು, ನೆಟ್ಟಗೆ ನಿಂತು, ನೇರವಾಗಿ ನೋಡಿದರು. ನೋಡಿ, ಬದಿಗೆ ಸರಿದರು.

“ನೀವು ಬನ್ನಿ.”

ಅವನು ನಿಂತ. ತನ್ನ ಮುಖ, ಮೀಸೆ, ಕನ್ನಡಕ ಎಲ್ಲ ಇದ್ದ ಜಾಗದಲ್ಲೇ ಇತ್ತು. ಎದೆಯ ಗುಂಡಿಗಳ ಬಳಿ ಮಾತ್ರ ಬೋಳು ಮಚ್ಚೆ. ಮೂರು ಸಲವೂ ಹೀಗೇ ಕಂಡಿತ್ತು.

“ಬಗ್ಗಿ.”

ಮಂಡಿ ಮಡಿಸಿದ.

“ಇನ್ನೂ.”

ಮಗಳ ಎತ್ತರಕ್ಕೆ ಇಳಿದಾಗ ಅವನ ಮುಖ ಹೋಯಿತು. ಅಂಗಿಯ ಕತ್ತುಪಟ್ಟಿ ಇತ್ತು, ಎರಡು ಕಿವಿಗಳ ಅಂಚು ಇತ್ತು, ತಲೆಯ ಮೇಲಿನ ಕೂದಲಿತ್ತು. ನಡುವೆ ಉಗ್ರಾಣದ ಸುಣ್ಣದ ಗೋಡೆ, ಗೋಡೆಯಲ್ಲೊಂದು ಬಿರುಕು. ಅವನು ತಲೆಯಾಡಿಸಿದರೆ ಕಿವಿಗಳು ಆಡಿದವು, ಗೋಡೆ ಆಡಲಿಲ್ಲ.

ಎದುರು ನಿಂತವರ ಮುಖ ಕನ್ನಡಿಯ ಮೇಲೆ ಹಿಡಿಯುವ ಜಾಗ ಮುಖದ ಅಳತೆಯ ಅರ್ಧದಷ್ಟೇ ಎಂಬುದು ಅವನ ಕಸುಬಿನ ಮೊದಲ ಪಾಠ. ಹದಿನಾಲ್ಕು ವರ್ಷದ ಮುಖಕ್ಕೆ ಒಂದು ಅಂಗೈ ಸಾಕು. ತೇವ ಅಂಚಿನಿಂದ ತಿನ್ನುತ್ತದೆ, ನಡುವಿನಿಂದಲ್ಲ ಎಂದು ಗಿರಾಕಿಗಳಿಗೆ ಸಾವಿರ ಸಲ ಹೇಳಿದವನೂ ಅವನೇ. ಹಿಂದಿನ ತಿಂಗಳು, ಮಗಳಷ್ಟೇ ಎತ್ತರದ ಹೆಂಡತಿ, “ರೀ, ಅವಳ ಕನ್ನಡೀಲಿ ನನ್ ಮುಖಾನೇ ಕಾಣಲ್ಲ ಕಣ್ರೀ” ಎಂದಿದ್ದಳು. “ಒಳ್ಳೇದೇ ಆಯ್ತು ಬಿಡು, ಕನ್ನಡಿ ಬಾಳಿಕೆ ಬರುತ್ತೆ” ಎಂದು ಅವನು ತಮಾಷೆ ಮಾಡಿದ್ದ. ಆ ತಮಾಷೆ ಈಗ ಸುಣ್ಣದ ಗೋಡೆಯಿಂದ ಅವನನ್ನೇ ನೋಡಿತು.

“ಮೇಡಂ,” ಎಂದ. “ಇನ್ನೂ ಏನೂ... ಆಗಿಲ್ಲ ಅಲ್ವಾ?”

ಇಡೀ ಬೀದಿ ಅಪಶಕುನವೆಂದು ಬೆಚ್ಚುತ್ತಿದ್ದ ಪ್ರಶ್ನೆ ಅದು. ಅದನ್ನು ತಾನೇ ಕೇಳುವ ದಿನ ಬಂದಾಗ, ಅದರಷ್ಟು ಆಸೆ ತುಂಬಿದ ಮಾತು ಭಾಷೆಯಲ್ಲಿ ಬೇರೆ ಇಲ್ಲ ಎಂದು ಅವನಿಗೆ ಅನ್ನಿಸಿತು.

“ಮನೇಲಿ ಗಾಜಿನ ತುಂಡುಗಳು ಎಲ್ಲೆಲ್ಲಿವೆ?”

ಗಾಜಿನವನ ಮನೆಯಲ್ಲಿ ಗಾಜಿನ ತುಂಡು ಎಲ್ಲಿರುವುದಿಲ್ಲ? ಮಂಚದ ಕೆಳಗೆ, ಅಟ್ಟದ ಮೇಲೆ, ಕಿಟಕಿಯ ಕಟ್ಟೆಯಲ್ಲಿ.

“ಅವಳು ಶಾಲೆಯಿಂದ ಬರೋದ್ರೊಳಗೆ ಅಷ್ಟನ್ನೂ ಅಂಗಡಿಗೆ ತಂದ್ಬಿಡಿ. ಒಂದು ಚೂರೂ ಉಳೀಬಾರ್ದು. ಬೈಬೇಡಿ, ಯಾಕೆ ಅಂತ ಕೇಳ್ಬೇಡಿ, ಅಳ್ಬೇಡಿ. ನಾನು ಐದು ಗಂಟೆಗೆ ಬರ್ತೀನಿ.”

ಐದಕ್ಕೆ ಬಂದರು. ಹುಡುಗಿ ಕೋಣೆಯ ನೆಲದ ಮೇಲೆ ಗೋಡೆಗೊರಗಿ ಕುಳಿತಿದ್ದಳು. ವಾರಗಳಿಂದ ಮನೆಯಲ್ಲಿ ‘ಹೂಂ’, ‘ಬೇಡ’ ಬಿಟ್ಟು ಮಾತಿಲ್ಲ. ಅದನ್ನು ಮನೆಯವರು ಪರೀಕ್ಷೆಯ ಕಾಲದ ಗಾಂಭೀರ್ಯವೆಂದು ಭಾವಿಸಿ ಸಂತೋಷಪಟ್ಟಿದ್ದರು. ಮೇಡಂ ಕೋಟು ಬಿಚ್ಚದೆ ಎದುರಿಗೇ ನೆಲದ ಮೇಲೆ ಕುಳಿತರು. ಬಾಗಿಲಾಚೆ ಗಂಡಹೆಂಡತಿ ಕಿವಿಗೊಟ್ಟು ನಿಂತಿದ್ದರು.

“ಒಂದು ಪೂರ್ತಿ ಮುಖ ಕಾಣ್ಬೇಕು ಅಂದ್ರೆ ಎಷ್ಟು ಕನ್ನಡಿ ಬೇಕು?” ಎಂದರು ಮೇಡಂ, ಸಂತೆಯಲ್ಲಿ ಬೆಲೆ ಕೇಳುವವರ ಹಾಗೆ.

ಗಾಜಿನವನ ಮಗಳು. ಉತ್ತರ ತಡೆದುಕೊಳ್ಳಲಾಗಲಿಲ್ಲ.

“ಅರ್ಧ.”

“ಅಷ್ಟನ್ನೇ ಕೆರೆದಿದೀಯ. ಗೆರೆ ಆಚೆ ಹೋಗಿಲ್ಲ. ಕೈ ಚೆನ್ನಾಗಿದೆ.”

ಆಮೇಲೆ ಒಳಗಿನಿಂದ ಕೇಳಿದ್ದು ಅಳು, ಅದರ ನಡುನಡುವೆ ಮಾತು. ಶಾಲಾವಾಹನದಲ್ಲಿ ಮುಕ್ಕಾಲು ಗಂಟೆಯ ದಾರಿ. ದಿನವೂ ಒಂದು ಫೋನು ಕೈಯಿಂದ ಕೈಗೆ ದಾಟುತ್ತದೆ, ಪ್ರತಿ ಮುಖಕ್ಕೂ ಅಂಕ ಬೀಳುತ್ತದೆ. ಎಲ್ಲರಿಗಿಂತ ಕಡಿಮೆ ಬಂದವಳು ಶಾಲೆ ಬರುವವರೆಗೆ ಮುಖಕ್ಕೆ ಕರವಸ್ತ್ರ ಹೊದ್ದು ಕೂರಬೇಕು, ಯಾರೂ ಅವಳ ಜೊತೆ ಮಾತಾಡಬಾರದು. ಇವಳು ಹತ್ತೊಂಬತ್ತು ದಿನ ಹೊದ್ದು ಕೂತಿದ್ದಳು. ಆಮೇಲೆ ಯಜಮಾನ ಚಾಲಕನನ್ನು ಕೇಳಿದರೆ, ಅವನು ದಿನವೂ ತನ್ನ ತಲೆಯ ಮೇಲಿನ ಕನ್ನಡಿಯಲ್ಲಿ ಹಿಂದಿನ ಸೀಟುಗಳನ್ನು ನೋಡಿದ್ದ. ಮುಖಗಳ ಸಾಲು, ಸಾಲಿನಲ್ಲೊಂದು ಬಿಳಿ ಬಟ್ಟೆ. “ದೂಳಿಗೆ ಕಟ್ಕೊಂಡಿದಾಳೆ ಅಂದ್ಕೊಂಡೆ ಸಾರ್” ಎಂದ. ಅವನಿಗೆ ದೂಳು, ಇವನಿಗೆ ತೇವ. ದೊಡ್ಡವರ ಲೋಕದಲ್ಲಿ ಪ್ರತಿಯೊಂದಕ್ಕೂ ಒಂದು ವಸ್ತುವಿನ ಕಾರಣ ಸಿಗುತ್ತದೆ.

ಮಾರನೆಯ ದಿನದಿಂದ ಒಂದು ತಿಂಗಳು ಇನ್ನೂ ಮೇಡಂ ಆ ವಾಹನದಲ್ಲೇ ಹೋಗಿ ಬಂದರು. ಏನೂ ಉಪದೇಶ ಮಾಡಲಿಲ್ಲವಂತೆ. ಹುಡುಗಿಯರ ನಡುವೆ ಅವರದೇ ಎತ್ತರದಲ್ಲಿ ಕುಳಿತು, ದಿನಕ್ಕೊಬ್ಬಳ ಹತ್ತಿರ ಬಾಯಿ ತುಂಬ ಹರಟಿದರು. ಶಾಲೆಯವರಿಗೆ ಹೇಳಿ ದಾರಿಯನ್ನು ಎರಡಾಗಿ ಒಡೆಸಿ ಮುಕ್ಕಾಲು ಗಂಟೆಯನ್ನು ಇಪ್ಪತ್ತು ನಿಮಿಷ ಮಾಡಿಸಿದರು. ಯಜಮಾನನ ಮಗಳನ್ನು ವಾರಕ್ಕೆರಡು ಸಲ ತಮ್ಮ ಕೋಣೆಗೆ ಕರೆಸಿಕೊಂಡರು. ಇಷ್ಟರ ನಡುವೆ ಎಂಟು ಮನೆಯ ತಾಯಿತಂದೆಯರನ್ನು ಒಂದು ಭಾನುವಾರ ಸೇರಿಸಿದರು, ಕನ್ನಡಿ ಅಂಗಡಿಯಲ್ಲೇ.

“ಇಲ್ಲೇ ಯಾಕೆ ಮೇಡಂ, ಶಾಲೇಲಿ ಜಾಗ ಇದ್ಯಲ್ಲ?” ಎಂದು ಯಜಮಾನ ಕೇಳಿದ.

“ನಿಮ್ ಅಂಗಡೀಲಿ ತಮ್ಮ ಮುಖ ಕಾಣ್ತಾ ಇರುತ್ತೆ. ಪಕ್ಕದವರ ಮಗಳನ್ನ ದೂರೋಕೆ ಸ್ವಲ್ಪ ನಾಚಿಕೆ ಆಗುತ್ತೆ.”

ಅವನಂಥ ವ್ಯಾಪಾರಿಗೂ ಹೊಳೆಯದ ಚೌಕಾಶಿ! ಹದಿನಾರು ಜನ ನಲವತ್ತು ಕನ್ನಡಿಗಳಲ್ಲಿ ನೂರಾರು ಜನರಾಗಿ, ಎತ್ತ ನೋಡುವುದೆಂದು ತಿಳಿಯದೆ, ಕಾಲ ಬೆರಳು ನೋಡುತ್ತ ಕುಳಿತರು. ಆದರೂ ಒಬ್ಬಾತ ಎದ್ದು, “ಆ ಆಟ ಶುರು ಮಾಡಿದ ಪಿಶಾಚಿ ಯಾರು, ಅದನ್ನ ಹೇಳಿ ಮೊದ್ಲು” ಎಂದ. ಮೇಡಂ ಅವನಿಗೆ ಕೂರುವಂತೆ ಸನ್ನೆ ಮಾಡಿದರು. ಬಂದವರಲ್ಲಿ ಯಜಮಾನನಿಗೆ ಮಾತ್ರ, ಮಗಳ ಬಾಯಿಂದ ಕೇಳಿ, ಅದು ಗೊತ್ತಿತ್ತು. ತಂತಿಯ ತಳದಲ್ಲಿದ್ದ ಮೊದಲ ಚೀಟಿ, ಬೀರುವಿನ ಕನ್ನಡಿಗೆ ಮಬ್ಬುಗಾಜು ಹಾಕಿಸಿದ್ದು, ಆ ಪಿಶಾಚಿಯ ಮನೆಯದೇ. ಎದ್ದು ನಿಂತಿದ್ದವನೇ ಅವಳ ಅಪ್ಪ.

ಎಲ್ಲರೂ ಹೋದ ಮೇಲೆ, ಕುರ್ಚಿಗಳನ್ನು ಜೋಡಿಸುತ್ತ, ವರ್ಷಗಳಿಂದ ನಾಲಗೆಯ ತುದಿಯಲ್ಲಿದ್ದದ್ದನ್ನು ಅವನು ಕೇಳಿಬಿಟ್ಟ. “ಮೇಡಂ, ಆ ಎಡಗೈ...”

ಅವರು ಕೈಯನ್ನು ನೋಡಿಕೊಂಡರು. ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿದರೋ ಏನೋ.

“ಒಬ್ಬಳಿದ್ದಳು. ನಾನು ಚೀಟಿ ಓದೋದು ಆಗಿನ್ನೂ ಕಲಿತಿರ್ಲಿಲ್ಲ.”

ಅಷ್ಟೇ ಹೇಳಿ ಹೊರಟರು.

ಮೂರು ವರ್ಷಗಳ ನಂತರ ಆಕೆಗೆ ಬೇರೆ ಊರಿಗೆ ವರ್ಗವಾಯಿತು. ಕೊನೆಯ ಗುರುವಾರ ಅಂಗಡಿಗೆ ಬಂದಾಗ ಯಜಮಾನನ ಮಗಳು, ಈಗ ಅಪ್ಪನ ಭುಜ ಮೀರಿದವಳು, ಗಿರಾಕಿಯೊಬ್ಬರ ಅಳತೆ ಬರೆದ ಚೀಟಿಯನ್ನು ತಂತಿಗೆ ಚುಚ್ಚಿ, ಹಾಗೇ ಎದುರಿನ ಕನ್ನಡಿಯಲ್ಲಿ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು. ಎಲ್ಲ ಹುಡುಗಿಯರೂ ಮಾಡುವ ಕೆಲಸ, ಅರ್ಧ ಕ್ಷಣದ್ದು. ಮೇಡಂ ಹೊಸಿಲಲ್ಲೇ ನಿಂತುಬಿಟ್ಟರು. ಮೊದಲು ನೆಲ ನೋಡಿದರು. ಆಮೇಲೆ ಕನ್ನಡಿಯನ್ನು ನೋಡಿದರು. ಹುಡುಗಿಯ ಮುಖದ ಹಿಂದೆ, ಸಣ್ಣದಾಗಿ, ತಮ್ಮದೂ ಕಂಡಿರಬೇಕು. ಈ ಸಲ ಅದನ್ನು ದಾಟಿ ನೋಡಲಿಲ್ಲ.

“ಏನ್ ಮೇಡಂ, ಹಾಗ್ ನೋಡ್ತಿದೀರಾ?” ಎಂದು ನಕ್ಕಳು ಹುಡುಗಿ.

“ಏನಿಲ್ಲಮ್ಮ. ಏನೂ ಇಲ್ಲ.”

ಬೀದಿಗಿಳಿದು ನಡೆದರು. ನಲವತ್ತು ಕನ್ನಡಿಗಳಲ್ಲಿ ಬೂದು ಕೋಟು ಚಿಕ್ಕದಾಗುತ್ತ ಹೋಯಿತು, ಎಡಗೈ ಹಾಗೇ, ಅರ್ಧ ಮಡಿಸಿ, ತುಸು ಬಾಗಿ. ಎದುರು ಬಂದ ಕ್ಷೌರಿಕ ಆ ಬದಿಗೆ ಜಾಗ ಬಿಟ್ಟು ಸರಿದ. ಆದರೆ ತಿರುಗಿ ನೋಡಲಿಲ್ಲ. ಅವನಿಗೂ ಈಗ ಅಭ್ಯಾಸವಾಗಿತ್ತು.

ಬಿದ್ದವರನ್ನು ಎತ್ತಿದವರಿಗೆ ಬಿದ್ದವರೇ ಸಾಕ್ಷಿ. ಬೀಳದಂತೆ ನೋಡಿಕೊಂಡವರಿಗೆ ಸಾಕ್ಷಿಯೆಲ್ಲಿಂದ ಬರಬೇಕು? ಇಂಥವರ ಬದುಕಿನ ದುಡಿಮೆಯೆಲ್ಲ ನಡೆಯದೇ ಹೋದ ಸಂಗತಿಗಳಾಗಿ, ನಾವು ಕಾಣದ ಇನ್ನೊಂದು ಊರಿನಲ್ಲಿ ಉಳಿಯುತ್ತದೆ. ಆ ಊರಿನ ಬೀದಿಗಳಲ್ಲಿ ಏನೇನು ಆಯಿತು, ಯಾರ ಮನೆಯ ಮುಂದೆ ಜನ ಸೇರಿದರು, ಯಾವ ಮಗು ಮನೆಗೆ ಮರಳಲಿಲ್ಲ ಎಂಬುದೆಲ್ಲ ಅವರಿಗೊಬ್ಬರಿಗೇ ಗೊತ್ತು. ದಿನವೂ ಎರಡೂ ಊರುಗಳಲ್ಲಿ ನಡೆದಾಡುವುದರಿಂದಲೇ ಅವರ ಕಾಲಿಗೆ ಸದ್ದಿಲ್ಲವೋ ಏನೋ. ನಾವು ಅವರನ್ನು ಕಂಡು ಅಂಜುತ್ತೇವೆ, ಬೆನ್ನ ಹಿಂದೆ ನಗುತ್ತೇವೆ, ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡು ಕೆಲಸಕ್ಕೆ ಹೊರಡುತ್ತೇವೆ. ಅಲ್ಲಿ ನಮ್ಮ ಮುಖ ಕಾಣುತ್ತದೆ. ಕಾಣುವುದೇ ಸಹಜವೆಂದುಕೊಂಡು, ಅದಕ್ಕಾಗಿ ಯಾರನ್ನೂ ನೆನೆಯುವುದಿಲ್ಲ.